ಮೊದಲನೇ ಸೆಂಟರ್‌ಫೈರ್ ಗನ್ ಅಂತ .44 ಮ್ಯಾಗ್ನಮ್ ರಿವಾಲ್ವರ್ ತಗೊಂಡು ಪಟ್ಟ ಪಾಡು, ನೀವು ಪಡ್ಬೇಡಿ

ಟಾರ್ಗೆಟ್ ಹೊಡಿಯೋಕೆ ಅಂತ .44 ಮ್ಯಾಗ್ನಮ್ ರಿವಾಲ್ವರ್ ನೋಡ್ತಾ ಇರೋರು ಒಂದೈದು ನಿಮಿಷ ಇದನ್ನ ಓದ್ಬಿಡಿ. ಬೇಡ್ವೇ ಬೇಡ ಅಂತಿಲ್ಲ, ಸಣ್ಣ ತೋಟಾದ .22 ಆದ್ಮೇಲೆ ನೇರವಾಗಿ ಇದಕ್ಕೇ ಹಾರೋದು ಬೇಡ, ನಾನು ಶುರು ಮಾಡಿದ ರೀತೀಲಂತೂ ಬೇಡ್ವೇ ಬೇಡ.

ಅಲ್ಲೀವರೆಗೂ ನಾನು ಹೊಡೀತಿದ್ದಿದ್ದು ಬರೀ .22, ಅದ್ರಲ್ಲಿ ಪಿನ್ನು ತೋಟಾದ ತಳದ ಅಂಚಿಗೆ ಹೊಡಿಯತ್ತೆ, ಸೆಂಟರ್‌ಫೈರ್‌ನಲ್ಲಿ ತಳದ ನಡುವಿಗೆ. ಕೈ ಚೆನ್ನಾಗೇ ಕೂತಿತ್ತು, ಗುಂಡುಗಳೆಲ್ಲ ಒಂದು ಅಂಗೈ ಅಗಲದೊಳಗೆ ಬೀಳ್ತಿದ್ವು, ಅಷ್ಟಕ್ಕೇ ದೊಡ್ಡ ಶೂಟರ್ ಆಗ್ಬಿಟ್ಟೆ ಅನ್ನೋ ಜಂಬ. .22 ಗುಂಡು ಸಾಮಾನ್ಯವಾಗಿ 40 ಗ್ರೇನ್ ತೂಕ ಇರತ್ತೆ, .44 ಮ್ಯಾಗ್ನಮ್‌ದು 240 ಗ್ರೇನ್, ಅಂದ್ರೆ ಹತ್ರತ್ರ 15.5 ಗ್ರಾಂ, ಅದೂ ಸೆಕೆಂಡಿಗೆ 1,200 ಅಡಿ ದಾಟಿ ಹೋಗತ್ತೆ. ಹಳೇ .44 ಸ್ಪೆಷಲ್ ತೋಟಾನೇ ಸ್ವಲ್ಪ ಉದ್ದ ಮಾಡಿ, ಒತ್ತಡ ಜಾಸ್ತಿ ಮಾಡಿ 1950ರ ದಶಕದ ಮಧ್ಯದಲ್ಲಿ ತಂದಿದ್ದು ಇದು. ಇದೆಲ್ಲ ಓದ್ಕೊಂಡಿದ್ದೆ, ಬಾಯಿಗೆ ಬರ್ತಿತ್ತು, ಕೈಗೆ ಬಂದಿರ್ಲಿಲ್ಲ ಅಷ್ಟೇ.

ಮೇಲಿಂದ ಇನ್ನೊಂದು ದಡ್ಡತನ ಮಾಡ್ದೆ, ಹಿಡಿಯೋಕೆ ಸಲೀಸು ಅಂತ ಹಗುರದ ಮಾಡೆಲ್ ತಗೊಂಡೆ. ಗನ್ ಹಗುರ ಆದಷ್ಟೂ ಒದೆತ ಜಾಸ್ತಿ ಅನ್ನೋದು ಯಾರಿಗೆ ಗೊತ್ತಾಗಲ್ಲ ಹೇಳಿ, ಆದ್ರೆ ಆಸೆ ಬಿದ್ದಾಗ ಇದೆಲ್ಲ ತಲೆಗೆ ಹತ್ತಲ್ಲ. ಉಕ್ಕಿನ ಆರಿಂಚು ಬ್ಯಾರೆಲ್‌ದು ಒಂದು ಕೇಜಿ ಮುನ್ನೂರು ಗ್ರಾಂ ಹತ್ರ ತೂಗತ್ತೆ, ಆ ತೂಕ ಇರೋದೇ ನಿಮ್ಮ ಕೈ ಉಳಿಸೋಕೆ.

ಮೊದಲನೇ ದಿನ ರೇಂಜಲ್ಲಿ ಇದ್ದ ಹಳಬರೊಬ್ರು "ಏನಪ್ಪಾ, ಹೊಸದಾ? ಒಂದೇ ಒಂದು ತೋಟಾ ಹಾಕಿ ಶುರು ಮಾಡು" ಅಂದ್ರು. ಸರಿ ಸರ್ ಅಂದೆ, ಅಂದು ಆರೂ ತುಂಬಿದೆ. ಪಿಸ್ತೂಲ್ ಹಿಡಿಯೋ ಅಭ್ಯಾಸದಲ್ಲಿ ಎಡಗೈ ಹೆಬ್ಬೆರಳನ್ನ ಮುಂದಕ್ಕೆ ಚಾಚಿ ಹಿಡ್ಕೊಂಡಿದ್ದೆ. ರಿವಾಲ್ವರ್‌ನಲ್ಲಿ ತೋಟಾ ತುಂಬೋ, ಸುತ್ತೋ ಸಿಲಿಂಡರ್‌ಗೂ ಬ್ಯಾರೆಲ್‌ಗೂ ನಡುವೆ ತೆಳ್ಳಗೆ ಒಂದು ಸಂದು ಇರತ್ತೆ, ಕಾಗದ ತೂರಿಸೋ ಅಷ್ಟು, ಗುಂಡು ಹಾರಿದಾಗ ಬಿಸಿ ಗ್ಯಾಸು ಸೀಸದ ಚೂರು ಎಲ್ಲಾ ಆ ಸಂದಿಂದ ಎರಡೂ ಪಕ್ಕಕ್ಕೆ ಸಿಡಿಯತ್ತೆ. ನನ್ನ ಹೆಬ್ಬೆರಳ ತುದಿ ಸರಿಯಾಗಿ ಅಲ್ಲೇ ಇತ್ತು. ಮೊದಲು ನೋವೇ ಗೊತ್ತಾಗ್ಲಿಲ್ಲ, ಕೈಯೆಲ್ಲ ಜುಮ್ ಅಂತಿತ್ತು, ಆಮೇಲೆ ಗ್ರಿಪ್ ಮೇಲೆ ರಕ್ತ ನೋಡ್ದೆ. ಉಗುರಿನ ಪಕ್ಕ ಚರ್ಮ ಸೀಳಿ, ಒಳಗೆ ಮದ್ದಿನ ಕಪ್ಪು ಚುಕ್ಕೆಗಳು ಹಚ್ಚೆ ಹಾಕಿಸ್ಕೊಂಡ ಹಾಗೆ ಕೂತ್ಬಿಟ್ಟಿದ್ವು, ಅದ್ರಲ್ಲಿ ಎರಡು ಇವತ್ತಿಗೂ ಇವೆ. ಇದಕ್ಕಿಂತ ದೊಡ್ಡ ಕ್ಯಾಲಿಬರ್ ಆಗಿದ್ರೆ ಬೆರಳ ತುದೀನೇ ಹೋಗ್ಬಹುದಿತ್ತು. ಹೆಬ್ಬೆರಳು ಹಿಂದಕ್ಕೆ, ಮಡಚಿ, ಸಂದಿಂದ ದೂರ ಇರ್ಲಿ.

ಕಿವಿ ವಿಷಯ. ಇಯರ್ ಮಫ್ ಹಾಕಿದ್ದೆ, ಆದ್ರೆ ಕನ್ನಡಕದ ಕಡ್ಡಿ ಮಫ್‌ನ ಮೆತ್ತೆನ ಒಂಚೂರು ಎತ್ತಿ ಹಿಡಿದಿತ್ತು, ಅದು ಗೊತ್ತೇ ಆಗ್ಲಿಲ್ಲ. 140 ಡೆಸಿಬಲ್ ದಾಟಿದ್ರೆ ಒಂದೇ ಸದ್ದಿಗೂ ಕಿವಿ ಕೆಡಬಹುದು, ಇದರ ಸದ್ದು 160 ದಾಟತ್ತೆ. ಒಳಗೆ ಪ್ಲಗ್, ಮೇಲೆ ಮಫ್, ಎರಡೂ ಹಾಕಿ. ನನ್ನ ಬಲಗಿವಿಯಲ್ಲಿ ರಾತ್ರಿ ಹೊತ್ತು ಜೀರುಂಡೆ ಕೂಗ್ತಾನೇ ಇರತ್ತೆ, ಡಾಕ್ಟ್ರು ಅಭ್ಯಾಸ ಮಾಡ್ಕೊಳ್ಳಿ ಅಂದ್ರು.

ಇಷ್ಟೇ ಆಗಿದ್ರೆ ಬರೀತಿರ್ಲಿಲ್ಲ. ಗಾಯ ಮಾಯಿತು, ನಾನು ಮತ್ತೆ ಹೋದೆ, ಆದ್ರೆ ಗುಂಡುಗಳೆಲ್ಲ ಕೆಳಗೆ ಎಡಕ್ಕೆ ಬೀಳೋಕೆ ಶುರು ಆಯ್ತು. ಸೈಟ್, ಅಂದ್ರೆ ಗನ್ ಮೇಲೆ ಗುರಿ ನೋಡೋ ಪಟ್ಟಿ, ಸರಿ ಇಲ್ಲ ಅಂದ್ಕೊಂಡೆ. ಹಿಂದಿನ ಸೈಟ್‌ನ ಸ್ಕ್ರೂ ತಿರುಗಿಸಿ ಮೇಲೆತ್ತಿದೆ, ಮುಂದಿನ ವಾರ ಇನ್ನೂ ಕೆಳಗೆ, ಮತ್ತೆ ಎತ್ತಿದೆ, ಹೀಗೇ ಒಂದು ತಿಂಗಳು ಎತ್ತಿ ಎತ್ತಿ ಸೈಟ್ ಒಳ್ಳೆ ಏಣಿ ಹಾಕಿದಂಗೆ ನಿಂತಿತ್ತು. ಗನ್ನೇ ಖರಾಬು ಅಂತ ಕಂಡೋರ ಹತ್ರ ಎಲ್ಲ ಬೈಕೊಂಡು ಓಡಾಡ್ದೆ. ಕೊನೆಗೆ ಅದೇ ಹಳಬರು "ಕೊಡಿಲ್ಲಿ" ಅಂತ ಇಸ್ಕೊಂಡು, ಆ ಕಡೆ ತಿರುಗಿ ಸಿಲಿಂಡರ್‌ನ ಕೆಲವು ಕೋಣೆಗೆ ತೋಟಾ, ಕೆಲವಕ್ಕೆ ಹಾರಿಸಿದ ತೋಟಾದ ಖಾಲಿ ಕವಚ (ಕೇಸ್) ಹಾಕಿ, ಸಿಲಿಂಡರ್ ಸುತ್ತಿಸಿ ಮುಚ್ಚಿ ಕೊಟ್ರು. ಮೊದಲನೇದು ಹಾರ್ತು. ಎರಡನೇದು ಟಕ್ ಅಂತ ಖಾಲಿ ಬಿತ್ತು, ಸದ್ದಿಲ್ಲ ಒದೆತ ಇಲ್ಲ ಏನಿಲ್ಲ, ಆದ್ರೂ ಬ್ಯಾರೆಲ್ ಮೂತಿ ನನ್ನ ಕಣ್ಣೆದುರೇ ಎರಡಿಂಚು ಕೆಳಕ್ಕೆ ಕುಸೀತು, ಕಣ್ಣೂ ಮುಚ್ಚಿತ್ತಂತೆ. ಅವರೇನೂ ಅನ್ಲಿಲ್ಲ, ನನ್ನ ಮುಖ ನೋಡಿ ಸುಮ್ನೆ ನಕ್ರು.

ಇದಕ್ಕೇ ಫ್ಲಿಂಚ್ ಅನ್ನೋದು. ಒದೆತ ಬರೋದಕ್ಕೆ ಮುಂಚೇನೇ ಕೈ ಹೆದರಿ ಕೆಳಗೆ ತಳ್ಳತ್ತೆ. ಅದು ಒಂದೇ ಗನ್ನಿಗೆ ಅಂಟ್ಕೊಂಡು ಕೂರಲ್ಲ ಅನ್ನೋದೇ ಹೊಟ್ಟೆ ಉರಿಸೋ ವಿಷಯ, ನನ್ನ ಮುದ್ದಿನ .22ಲ್ಲೂ ಅದೇ ಕೆಳಗೆ ಎಡಕ್ಕೆ. ವರ್ಷಗಟ್ಲೆ ಕಲಿತಿದ್ದು ಒಂದೆರಡು ಬಾಕ್ಸ್ ಮ್ಯಾಗ್ನಮ್‌ನಲ್ಲಿ ಹೋಯ್ತು.

ಹಗುರದ ಗನ್‌ದು ಇನ್ನೊಂದು ರಗಳೆ ಇದೆ. ಒದೆತದ ಹೊಡೆತಕ್ಕೆ ಹಾರಿಸದೆ ಉಳಿದಿರೋ ತೋಟಾಗಳ ಗುಂಡು ಕೇಸ್‌ನಿಂದ ಮೆಲ್ಲಗೆ ಮುಂದಕ್ಕೆ ಜಾರ್ತಾ ಬರತ್ತೆ. ನನಗೆ ಐದನೇ ಸಲಕ್ಕೆ ಗುಂಡಿನ ತುದಿ ಆಚೆ ಬಂದು ಫ್ರೇಮಿಗೆ ತಾಗಿ ಸಿಲಿಂಡರ್ ಸುತ್ತೋದೇ ನಿಂತೋಯ್ತು, ತೆಗೆಯೋಕೂ ಆಗ್ತಿಲ್ಲ, ಒಳಗೆ ಜೀವಂತ ತೋಟಾ ಇದೆ. ಹಾಗಾದ್ರೆ ಮೂತಿ ಟಾರ್ಗೆಟ್ ಕಡೆಗೇ ಇಟ್ಕೊಂಡು, ಟ್ರಿಗರ್‌ನಿಂದ ಬೆರಳು ತೆಗೆದು, ರೇಂಜಲ್ಲಿ ಗೊತ್ತಿರೋರನ್ನ ಕರೀರಿ, ಬಲವಂತ ಮಾಡಿ ಗುದ್ದೋಕೆ ಹೋಗ್ಬೇಡಿ.

ಆಮೇಲೆ ಅದನ್ನ ಕೊಟ್ಟು ಉಕ್ಕಿನ ಭಾರದ್ದು ತಗೊಂಡೆ, ಹಾಕೋದು .44 ಸ್ಪೆಷಲ್. ಮ್ಯಾಗ್ನಮ್ ರಿವಾಲ್ವರ್‌ಗೆ ಸ್ಪೆಷಲ್ ಆಗತ್ತೆ, ಸ್ಪೆಷಲ್ ರಿವಾಲ್ವರ್‌ಗೆ ಮ್ಯಾಗ್ನಮ್ ಹಾಕೋ ಹಾಗಿಲ್ಲ, ಇದು ನೆನಪಿರ್ಲಿ. ಸ್ಪೆಷಲ್ ಕೇಸ್ ಗಿಡ್ಡ ಆಗಿರೋದ್ರಿಂದ ಕೋಣೆ ಒಳಗೆ ಮಸಿ ಉಂಗುರದ ಥರ ಕಟ್ಕೊಳ್ಳತ್ತೆ, ಬ್ರಷ್ ಹಾಕಿ ಉಜ್ಜದೆ ಮ್ಯಾಗ್ನಮ್ ತುರುಕಿದ್ರೆ ಕಚ್ಕೊಳ್ಳತ್ತೆ. ಮನೇಲಿ ಗನ್ ಖಾಲಿ ಇದೆ ಅಂತ ಎರಡೆರಡು ಸಲ ನೋಡಿ, ತೋಟಾನೆಲ್ಲ ಬೇರೆ ರೂಮಲ್ಲಿಟ್ಟು, ಬ್ಯಾರೆಲ್ ಮೇಲೆ ಒಂದು ನಾಣ್ಯ ನಿಲ್ಲಿಸ್ಕೊಂಡು ದಿನಾ ಸ್ವಲ್ಪ ಹೊತ್ತು ಬರೀ ಟ್ರಿಗರ್ ಎಳೀತಿದ್ದೆ. ಬೋರು ಅಂದ್ರೆ ಬೋರು. ನಾಣ್ಯ ಬೀಳದೇ ಇರೋಕೆ ಏಳು ವಾರ ಹಿಡೀತು.

ಹೋದ ತಿಂಗಳು ಒಂದೇ ಒಂದು ಮ್ಯಾಗ್ನಮ್ ತೋಟಾ ಹಾಕಿದೆ. ಈ ಗನ್ನಿನ ಸೈಟ್ ಸ್ಕ್ರೂ ಇನ್ನೂ ಮುಟ್ಟಿಲ್ಲ. ನಡುಮಧ್ಯಕ್ಕೇನೂ ಬೀಳ್ಲಿಲ್ಲ, ಆದ್ರೆ ಕೆಳಗೂ ಬೀಳ್ಲಿಲ್ಲ.