ಮಾದಾವರದ ಬಿಐಇಸಿ ಮತ್ತು ಹಸಿರು ಮಾರ್ಗ: ಸಮ್ಮೇಳನಕ್ಕೂ ಸುತ್ತಾಟಕ್ಕೂ ಒಂದೇ ಮೆಟ್ರೊ

ಬಿಐಇಸಿಯಲ್ಲಿ, ಅಂದರೆ ಬೆಂಗಳೂರು ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರದಲ್ಲಿ, ಸಮ್ಮೇಳನ ಇದ್ದರೆ ರೂಮನ್ನು ಬಿಐಇಸಿ ಹತ್ತಿರ ಹುಡುಕಬೇಡಿ. ಜಯನಗರ, ಬಸವನಗುಡಿ ಅಥವಾ ಮಲ್ಲೇಶ್ವರದಲ್ಲಿ ಉಳಿದುಕೊಳ್ಳಿ. ಬೆಳಗ್ಗೆ ಹಸಿರು ಮಾರ್ಗದ ಮೆಟ್ರೊ ಹತ್ತಿ ಸಮ್ಮೇಳನಕ್ಕೆ ಹೋಗಿ, ಮುಗಿದ ಮೇಲೆ ಒಂದು ದಿನ ಹೆಚ್ಚಿಗೆ ಇದ್ದು ಅದೇ ಮೆಟ್ರೊದಲ್ಲಿ ಊರು ನೋಡಿ.

ತುಮಕೂರು ರಸ್ತೆಯ ಈ ಪ್ರದರ್ಶನ ಕೇಂದ್ರ 2007ರಿಂದ ನಡೆಯುತ್ತಿದೆ. ಕಟ್ಟಿಸಿ ನಡೆಸುತ್ತಿರುವುದು ಯಂತ್ರೋಪಕರಣ ತಯಾರಕರ ಸಂಘ. ಹಾಗಾಗಿ ಭಾರೀ ಯಂತ್ರಗಳನ್ನು ಇಳಿಸಿ ಓಡಿಸಿ ತೋರಿಸುವುದಕ್ಕೆ ಹೇಳಿ ಮಾಡಿಸಿದಂತಿದೆ. ನಡೆಯುವ ಮನುಷ್ಯನ ಕಾಲಿಗೆ ಅಷ್ಟೇನೂ ಅನುಕೂಲವಿಲ್ಲ. ಹಾಲ್‌ನಿಂದ ಹಾಲ್‌ಗೆ ದೂರ, ನೆಲ ಗಟ್ಟಿ. ಹೊಸ ಫಾರ್ಮಲ್ ಶೂ ಹಾಕಿಕೊಂಡು ಬಂದವರು ಮಧ್ಯಾಹ್ನದ ಹೊತ್ತಿಗೆ ಕಾಫಿ ಕೌಂಟರ್ ಪಕ್ಕ ಕುರ್ಚಿ ಹುಡುಕುತ್ತಿರುತ್ತಾರೆ. ಬೆಳಗ್ಗೆ ಕಾಲಲ್ಲಿ ಕಸುವಿರುವಾಗಲೇ ಪ್ರವೇಶದಿಂದ ಅತಿ ದೂರದ ಹಾಲ್‌ಗೆ ಹೋಗಿ ಹಿಂದಕ್ಕೆ ಬರುತ್ತಾ ನೋಡುವುದು ಸರಿ. ಜನ ಸಾಮಾನ್ಯವಾಗಿ ಮೊದಲು ಕಂಡ ಹಾಲ್‌ನಲ್ಲೇ ಅರ್ಧ ದಿನ ಕಳೆಯುವುದರಿಂದ ದೂರದ ಮಳಿಗೆಗಳಲ್ಲಿ ಬೆಳಗಿನ ಹೊತ್ತು ಮಾತಾಡಲು ಪುರುಸೊತ್ತೂ ಇರುತ್ತದೆ. ಪ್ರವೇಶದ ಕ್ಯೂಆರ್ ಕೋಡನ್ನು ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಸಾವಿರಾರು ಫೋನು ಒಂದೇ ಕಡೆ ಸೇರಿದಾಗ ಇಮೇಲ್ ತೆರೆಯುವುದೇ ಒಂದು ಕೆಲಸ.

ಮೊದಲು ಇಲ್ಲಿನ ದೊಡ್ಡ ತಲೆನೋವು ರಸ್ತೆಯಾಗಿತ್ತು. ಮೆಟ್ರೊ ನಾಗಸಂದ್ರಕ್ಕೇ ಮುಗಿಯುತ್ತಿತ್ತು, ಅಲ್ಲಿಂದ ಆಟೊದವರು ಹೇಳಿದ್ದೇ ರೇಟು. 2024ರ ನವೆಂಬರ್ 7ರಿಂದ ರೈಲು ಮಂಜುನಾಥನಗರ, ಚಿಕ್ಕಬಿದರಕಲ್ಲು ದಾಟಿ ಮಾದಾವರದವರೆಗೆ ಬರುತ್ತಿದೆ. ನಿಲ್ದಾಣ ಬಿಐಇಸಿಗೆ ಅಂಟಿಕೊಂಡೇ ಇದೆ. ಮೆಜೆಸ್ಟಿಕ್‌ನಿಂದ ಅರ್ಧ ಗಂಟೆಗೆ ಸ್ವಲ್ಪ ಹೆಚ್ಚು, ಲಾಲ್‌ಬಾಗ್‌ನಿಂದ ಮುಕ್ಕಾಲು ಗಂಟೆ ಹಿಡಿಯಿರಿ. ಸಂಜೆ ಗೊರಗುಂಟೆಪಾಳ್ಯದ ಸಿಗ್ನಲ್ ನೋಡಿದವರಿಗೆ ಈ ಲೆಕ್ಕದ ಬೆಲೆ ಬಿಡಿಸಿ ಹೇಳಬೇಕಿಲ್ಲ. ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಬರುವವರಿಗೆ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗವಿದೆ, ಆರ್‌.ವಿ. ರಸ್ತೆ ನಿಲ್ದಾಣದಲ್ಲಿ ರೈಲು ಬದಲಿಸಿದರಾಯಿತು.

ತೊಂದರೆ ಬರುವುದು ಸಂಜೆ. ಮೇಳ ಮುಚ್ಚಿದ ಕೂಡಲೇ ಎಲ್ಲರೂ ಒಟ್ಟಿಗೆ ನಿಲ್ದಾಣಕ್ಕೆ ನುಗ್ಗುತ್ತಾರೆ, ಎಲ್ಲರ ಕೈಯಲ್ಲೂ ಕ್ಯಾಟಲಾಗ್ ತುಂಬಿದ ಚೀಲ. ಸಾಲು ಕಟ್ಟುವುದು ಟಿಕೆಟ್ ಕೌಂಟರ್ ಎದುರು ಮತ್ತು ಬ್ಯಾಗ್ ತಪಾಸಣೆಯ ಯಂತ್ರದ ಎದುರು. ಮೊದಲನೆಯದನ್ನು ತಪ್ಪಿಸಬಹುದು: ವಾಟ್ಸ್‌ಆ್ಯಪ್‌ನಲ್ಲೋ ಮೆಟ್ರೊ ಆ್ಯಪ್‌ನಲ್ಲೋ ಹಾಲ್ ಒಳಗಿರುವಾಗಲೇ ಟಿಕೆಟ್ ತೆಗೆಯಿರಿ, ಅಥವಾ ಸ್ಮಾರ್ಟ್ ಕಾರ್ಡ್ ಇಟ್ಟುಕೊಳ್ಳಿ. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ದರ ಕನಿಷ್ಠ 10, ಗರಿಷ್ಠ 90 ರೂಪಾಯಿ ಆಯಿತು. ಅದರ ಜೊತೆಗೇ ಕಾರ್ಡಿನಲ್ಲಿ ಕನಿಷ್ಠ 90 ರೂಪಾಯಿ ಇದ್ದರಷ್ಟೇ ಗೇಟ್ ತೆರೆಯುವ ನಿಯಮವೂ ಬಂತು. ಹತ್ತು ರೂಪಾಯಿ ದೂರಕ್ಕೂ ಇದೇ ನಿಯಮ ಎನ್ನುವುದು ಹಲವರಿಗೆ ಗೇಟಿನ ಮುಂದೆ, ಹಿಂದೆ ಸಾಲು ನಿಂತಿರುವಾಗ ಗೊತ್ತಾಗುತ್ತದೆ. ಎರಡನೆಯ ಸಾಲನ್ನು ತಪ್ಪಿಸುವ ದಾರಿ ಒಂದೇ, ಕೊನೆಯ ಗೋಷ್ಠಿಯಿಂದ ಅರ್ಧ ಗಂಟೆ ಮೊದಲು ಏಳುವುದು. ಕೊನೆಯ ಗೋಷ್ಠಿ ಸಾಮಾನ್ಯವಾಗಿ ಧನ್ಯವಾದ ಸಮರ್ಪಣೆಯೇ, ನಷ್ಟವೇನಿಲ್ಲ.

ಸೂಟ್‌ಕೇಸ್ ಎಳೆದುಕೊಂಡು ಬರುವವರು ಅಳತೆ ನೋಡಿಕೊಳ್ಳಬೇಕು. 15 ಕೆ.ಜಿ. ತೂಕ, 60×45×25 ಸೆಂ.ಮೀ. ಗಾತ್ರದವರೆಗೆ ಉಚಿತ, ಅದಕ್ಕಿಂತ ದೊಡ್ಡದಾದರೆ ಪ್ರತ್ಯೇಕ ಶುಲ್ಕ. ವಿಮಾನದ ಕ್ಯಾಬಿನ್ ಟ್ರಾಲಿಗೆ ತೊಂದರೆಯಿಲ್ಲ, ಮಳಿಗೆ ಹಾಕುವವರ ದೊಡ್ಡ ಪೆಟ್ಟಿಗೆಗಳಿಗೆ ಇದೆ. ವಿಮಾನ ನಿಲ್ದಾಣಕ್ಕೆ ಮೆಟ್ರೊ ಇನ್ನೂ ಬಂದಿಲ್ಲವಾದ್ದರಿಂದ ಅಲ್ಲಿಂದ ವಾಯುವಜ್ರ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಬಂದು ಹಸಿರು ಮಾರ್ಗ ಹಿಡಿಯುವುದು ಅಗ್ಗದ ದಾರಿ. ಹುಬ್ಬಳ್ಳಿ, ದಾವಣಗೆರೆ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಬರುವವರು ಮೆಜೆಸ್ಟಿಕ್‌ವರೆಗೆ ಹೋಗಿ ವಾಪಸ್ ಬರುವ ಅಗತ್ಯವೇ ಇಲ್ಲ, ಬಸ್ಸು ಬಿಐಇಸಿ ಮುಂದೆಯೇ ಹಾದುಬರುತ್ತದೆ. ನಾಗಸಂದ್ರದ ಹತ್ತಿರ ಇಳಿಸುತ್ತಾರಾ ಎಂದು ಕಂಡಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಬಸ್ಸು ಪೀಣ್ಯ ಫ್ಲೈಓವರ್ ಹತ್ತಿಬಿಟ್ಟರೆ ಜಾಲಹಳ್ಳಿ ಕ್ರಾಸ್ ಕೆಳಗೇ ಉಳಿಯುತ್ತದೆ, ಮುಂದಿನ ಅವಕಾಶ ಗೊರಗುಂಟೆಪಾಳ್ಯ.

ಇನ್ನು ಸುತ್ತಾಟ. ಹಸಿರು ಮಾರ್ಗದ ಅದೃಷ್ಟವೆಂದರೆ ಹಳೆಯ ಬೆಂಗಳೂರಿನ ತಿಂಡಿಯೆಲ್ಲ ಅದರ ಅಕ್ಕಪಕ್ಕದಲ್ಲೇ ಇದೆ. ಆದರೆ ವಾರ ನೋಡಿ ಹೊರಡಬೇಕು: ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಶುಕ್ರವಾರ ಸಮ್ಮೇಳನ ಮುಗಿದು ಶನಿವಾರ ಬಿಡುವಿದ್ದರೆ ಮೂರೂ ತೆರೆದಿರುತ್ತವೆ, ಸಾಲೂ ಅಷ್ಟೇ ಉದ್ದವಿರುತ್ತದೆ.

ಬೆಳಗ್ಗೆ ಆರಕ್ಕೇ ಬಾಗಿಲು ತೆರೆಯುವ ಲಾಲ್‌ಬಾಗ್‌ನಿಂದ ಶುರು ಮಾಡಿ. ಭಾನುವಾರವಾದರೆ ಮೊದಲ ರೈಲೇ ಏಳಕ್ಕೆ ಎಂಬುದು ನೆನಪಿರಲಿ. ಮೆಟ್ರೊ ನಿಲ್ದಾಣ ಇರುವುದು ಪಶ್ಚಿಮ ದ್ವಾರದ ಕಡೆ. ಒಳಗೆ ಹೋಗಿ ಗಾಜಿನ ಮನೆ ನೋಡಿಕೊಂಡು, ಕೆಂಪೇಗೌಡ ಗೋಪುರವಿರುವ ಬಂಡೆ ಹತ್ತಿ, ಡಬಲ್ ರೋಡ್ ಕಡೆಯ ಗೇಟಿನಿಂದ ಹೊರಬಿದ್ದರೆ ಎಂಟಿಆರ್ ನಡೆಯುವ ದೂರ. ಆ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸು. ಅದರ ಮೇಲೆ ಕೂತು ಚುರುಮುರಿ ತಿನ್ನುವವರಿಗೆ ಅದರ ಗೊಡವೆಯಿಲ್ಲ, ಇರಬೇಕಾಗಿಯೂ ಇಲ್ಲ.

1924ರಲ್ಲಿ ಶುರುವಾದ ಎಂಟಿಆರ್‌ನಲ್ಲಿ ತಿನ್ನಬೇಕಾದದ್ದು ರವೆ ಇಡ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಮಾಡಿ ನೋಡಿದ್ದು ಇದು. ಪುಟ್ಟ ಬಟ್ಟಲಿನಲ್ಲಿ ತುಪ್ಪ, ಪಕ್ಕದಲ್ಲಿ ಆಲೂಗಡ್ಡೆ ಸಾಗು, ಹಸಿರು ಚಟ್ನಿ. ತುಪ್ಪವನ್ನು ಇಡ್ಲಿ ಬಿಸಿಯಿರುವಾಗಲೇ ಪೂರ್ತಿ ಸುರಿಯಿರಿ. ಆರಿದ ಮೇಲೆ ಸುರಿದರೆ ಒಳಗೆ ಇಳಿಯದೆ ತಟ್ಟೆಯಲ್ಲೇ ಹೆಪ್ಪುಗಟ್ಟುತ್ತದೆ. ಒಬ್ಬರಿಗೆ ಒಂದು ಇಡ್ಲಿ ಸಾಕು, ಏಕೆಂದರೆ ಮುಂದೆ ದೋಸೆ ಇದೆ.

ದೋಸೆಗೆ ವಿದ್ಯಾರ್ಥಿ ಭವನ. 1943ರ ಹೋಟೆಲು, ಲಾಲ್‌ಬಾಗ್ ಅಥವಾ ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಹೆಚ್ಚುಕಡಿಮೆ ಒಂದು ಕಿ.ಮೀ. ಪಂಚೆ ಉಟ್ಟ ಸಪ್ಲೈಯರ್ ಒಂದೇ ಕೈ ಮೇಲೆ ದೋಸೆ ತಟ್ಟೆಗಳನ್ನು ಮೊಣಕೈವರೆಗೆ ಪೇರಿಸಿಕೊಂಡು ಬರುತ್ತಾರೆ. ಇನ್ನೊಬ್ಬರು ಬಕೆಟ್ಟಿನಿಂದ ಚಟ್ನಿ ಸುರಿಯುತ್ತಾರೆ. ದೋಸೆ ದಪ್ಪ, ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಸಾಂಬಾರ್ ಕೇಳಬೇಡಿ, ದೋಸೆ ಜೊತೆ ಕೊಡುವುದಿಲ್ಲ. ಬ್ರಾಹ್ಮಿನ್ಸ್‌ನಲ್ಲೂ ಇಡ್ಲಿ ವಡೆಗೆ ಚಟ್ನಿ ಮಾತ್ರ, ನಿಂತೇ ತಿನ್ನಬೇಕು. ವಾರಾಂತ್ಯದಲ್ಲಿ ವಿದ್ಯಾರ್ಥಿ ಭವನದ ಬಾಗಿಲಲ್ಲಿ ಹೆಸರು ಬರೆಸಿ, ಗಾಂಧಿ ಬಜಾರ್ ಒಂದು ಸುತ್ತು ಹಾಕಿ ಬನ್ನಿ. ತುಂಬಾ ದೂರ ಹೋಗಬೇಡಿ, ಕರೆದಾಗ ಇಲ್ಲದಿದ್ದರೆ ಸರದಿ ಹೋಗುತ್ತದೆ.

ಮಧ್ಯಾಹ್ನ ಬಿಸಿಲು ಏರಿದ ಮೇಲೆ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದು 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆ ನೋಡಬಹುದು. ಮರದ ಕಂಬಗಳ ನಡುವೆ ತಂಪಾಗಿರುತ್ತದೆ, ಅರ್ಧ ಗಂಟೆ ಸಾಕು. ಹೂವಿನ ಮಾರುಕಟ್ಟೆಗೆ ಮಾತ್ರ ಮಧ್ಯಾಹ್ನ ಹೋಗಿ ಪ್ರಯೋಜನವಿಲ್ಲ, ಅಲ್ಲಿನ ವ್ಯಾಪಾರದ ಭರಾಟೆ ನಸುಕಿನದು. ಸಂಜೆ ಸಂಪಿಗೆ ರಸ್ತೆ ನಿಲ್ದಾಣದಿಂದ ಮಲ್ಲೇಶ್ವರಕ್ಕೆ ಹೋದರೆ ಸಿಟಿಆರ್‌ನ ಬೆಣ್ಣೆ ಮಸಾಲೆ. ಆದರೆ ಒಂದೇ ದಿನ ಎರಡು ದೋಸೆ ಹೋಟೆಲು ಅತಿಯಾಯಿತು, ಯಾವುದಾದರೂ ಒಂದನ್ನು ಆರಿಸಿಕೊಳ್ಳಿ.

ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಯಂತ್ರೋಪಕರಣಗಳ ದೊಡ್ಡ ಮೇಳ ಇಮ್‌ಟೆಕ್ಸ್ ನಡೆಯುವುದು ಜನವರಿ ಕೊನೆಯ ಹೊತ್ತಿಗೆ. ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನವೂ ಆಸುಪಾಸಿನಲ್ಲೇ. ಆ ದಿನಗಳಲ್ಲಿ ಲಾಲ್‌ಬಾಗ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಪ್ರವೇಶ ದರವೂ ಹೆಚ್ಚು. ಹೂವು ನೋಡುವ ಆಸೆಯಿದ್ದರೆ ವಾರದ ದಿನ ಬೆಳಗ್ಗೆಯೇ ಮುಗಿಸಿ. ನವೆಂಬರ್ ಹೊತ್ತಿಗೆ ಬರುವವರು ಕಾರ್ತಿಕದ ಕೊನೆಯ ಸೋಮವಾರ ಯಾವತ್ತು ಬೀಳುತ್ತದೆ ಎಂದು ಕ್ಯಾಲೆಂಡರ್ ನೋಡಿಕೊಂಡು ವಾಪಸ್ ಟಿಕೆಟ್ ಮಾಡಿಸಿ, ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಅವತ್ತೇ. ಎಂಟಿಆರ್ ಬಾಗಿಲು ಹಾಕಿರುತ್ತದೆ, ಆದರೆ ಹಸಿ ಕಡಲೆಕಾಯಿ ಸೇರಿನ ಲೆಕ್ಕದಲ್ಲಿ ಸಿಗುತ್ತದೆ.