ಕೆಜಿಎಫ್‌ನಲ್ಲಿ ಒಂದು ದಿನ: ಸೈನೈಡ್ ಗುಡ್ಡವೋ, ಗಣಿ ಶಾಫ್ಟೋ, ಕೋಟಿಲಿಂಗವೋ?

ಶಿರಸಿ ಕಡೆಯವರು ಕೋಲಾರಕ್ಕೆಂದೇ ಪ್ರವಾಸ ಹೊರಡುವುದು ಕಡಿಮೆ. ಮದುವೆಗೋ ಆಸ್ಪತ್ರೆಗೋ ಬೆಂಗಳೂರಿಗೆ ಹೋದಾಗ ಒಂದು ದಿನ ಕೈಯಲ್ಲಿ ಉಳಿದರೆ ನಂದಿ ಬೆಟ್ಟ, ಇಲ್ಲದಿದ್ದರೆ ಮೈಸೂರು. ‘ಕೆಜಿಎಫ್’ ಸಿನಿಮಾ ಬಂದ ಮೇಲೆ ಲೆಕ್ಕಾಚಾರ ಬದಲಾಯಿತು. ಈಗ ನಮ್ಮೂರಿನ ಹುಡುಗರೆಲ್ಲ ಕೇಳುವುದು ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿಯ ಊರಿನ ಬಗ್ಗೆಯೇ. ನಾನು ಹುಡುಗರ ಜೊತೆಗೂ ಹೋಗಿದ್ದೇನೆ, ಆಯಿ ಮತ್ತು ಭಾವನನ್ನು ಕರೆದುಕೊಂಡೂ ಹೋಗಿದ್ದೇನೆ. ಜೊತೆಗಿದ್ದವರು ಬದಲಾದ ಹಾಗೆ ಊರೂ ಬೇರೆಯಾಗಿ ಕಂಡಿತು. ಒಂದೇ ದಿನ ಇರುವವರು ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಇಷ್ಟು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಗಣಿಯ ಒಳಗೆ ಇಳಿಯುವ ಆಸೆ ಇಟ್ಟುಕೊಳ್ಳಬೇಡಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕೆಳಗಿನ ಸುರಂಗಗಳಲ್ಲಿ ಈಗ ನೀರು ನಿಂತಿದೆ. ಟಿಕೆಟ್ ಕೊಟ್ಟು, ಟೋಪಿ ಹಾಕಿ, ಲಿಫ್ಟಿನಲ್ಲಿ ಇಳಿಸುವ ವ್ಯವಸ್ಥೆ ಅಲ್ಲಿಲ್ಲ. ಗೇಟಿನ ಕಾವಲುಗಾರನ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ.

ಹೆಚ್ಚಿನವರ ಪಟ್ಟಿಯಲ್ಲಿ ಮೊದಲು ಇರುವುದು ಸೈನೈಡ್ ಗುಡ್ಡ. ಹೆಸರಿಗೆ ಗುಡ್ಡ ಅಷ್ಟೆ, ನೂರಿಪ್ಪತ್ತು ವರ್ಷ ಅಗೆದ ಕಲ್ಲನ್ನು ಹಿಟ್ಟು ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಬಿಡಿಸಿಕೊಂಡು, ಉಳಿದದ್ದನ್ನು ಸುರಿದ ರಾಶಿ ಅದು. ಮಳೆ ನೀರು ಕೊರೆದು ಕೊರೆದು ಇಳಿಜಾರಿನ ಉದ್ದಕ್ಕೂ ಆಳವಾದ ಗೀರುಗಳು ಬಿದ್ದಿವೆ. ದೂರದಿಂದ ನೋಡಿದರೆ ರಾಜಸ್ಥಾನದ ಫೋಟೊ ಅನ್ನಬೇಕು. ನಮ್ಮ ಹುಡುಗರು ಅರ್ಧ ಗಂಟೆ ಫೋಟೊ ತೆಗೆದರು, ರೀಲ್ಸ್ ಮಾಡಿದರು, ಆಮೇಲೆ ನೆರಳು ಹುಡುಕಿದರು. ನೆರಳಿಲ್ಲ. ಕಾಡಿನ ಊರಿನಿಂದ ಹೋದವರಿಗೆ ಆ ಬಯಲು ಹೊಸದು, ಆದರೆ ಅದರ ಹೊಸತನ ಬೇಗ ತೀರುತ್ತದೆ. ಗುಡ್ಡದ ಪುಡಿಯನ್ನು ಕೈಯಲ್ಲಿ ಹಿಡಿದರೆ ಗೋಧಿ ಹಿಟ್ಟಿಗಿಂತ ನುಣುಪು, ಬೆರಳಿನ ಸಂದಿನಲ್ಲಿ ಉಳಿಯುವುದೇ ಇಲ್ಲ. ಗಾಳಿ ಎದ್ದಾಗ ಇದೇ ಪುಡಿ ಊರಿನ ಮೇಲೆ ಹಾರುತ್ತದೆ. ಎಲ್ಲರೂ ಹೆದರುವುದು ಸೈನೈಡ್ ಎಂಬ ಹೆಸರಿಗೆ. ನಾನು ಹೆದರುವುದು ಪುಡಿಯಲ್ಲಿರುವ ಬೆಣಚುಕಲ್ಲಿನ ಧೂಳಿಗೆ. ಗಣಿ ಕೆಲಸಗಾರರ ಪುಪ್ಪುಸ ತಿಂದದ್ದು ಅದೇ ಸಿಲಿಕಾ. ಉಬ್ಬಸ ಇರುವವರು, ಸಣ್ಣ ಮಕ್ಕಳು ಮೇಲೆ ಹತ್ತುವುದು ಬೇಡ. ಕೆಲವು ಕಡೆ ಹತ್ತಲು ಬಿಡುವುದೂ ಇಲ್ಲ, ಊರಿನವರನ್ನು ಕೇಳಿಯೇ ಹೋಗಿ.

ನನ್ನ ಮತ ಶಾಫ್ಟುಗಳಿಗೆ, ಅಂದರೆ ಗಣಿಗೆ ಇಳಿಯುವ ಆಳದ ಬಾವಿಗಳಿಗೆ. ಚಾಂಪಿಯನ್ ರೀಫ್, ಊರ್ಗಾಂ, ಮಾರಿಕುಪ್ಪಂ ಅಂತ ಸುತ್ತುತ್ತಾ ಹೋದರೆ ಮನೆಗಳ ಹಿಂದೆ, ಶಾಲೆಯ ಪಕ್ಕ ಎಲ್ಲೆಂದರಲ್ಲಿ ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ತಿರುಗದೆ ನಿಂತ ಚಕ್ರ. ರಸ್ತೆಯಿಂದಲೇ ಕಾಣುತ್ತದೆ. ನೋಡುವುದಕ್ಕೆ ಇಷ್ಟೇನಾ ಅನಿಸಬಹುದು. ಕೆಳಗೆ ಎಷ್ಟಿದೆ ಎಂದು ತಿಳಿದು ನೋಡಬೇಕು. ಚಾಂಪಿಯನ್ ರೀಫ್ ಗಣಿ 3.2 ಕಿಲೋಮೀಟರ್ ಆಳ. ನಮ್ಮ ಯಾಣದ ಭೈರವೇಶ್ವರ ಶಿಖರ ಸುಮಾರು 120 ಮೀಟರ್. ಅಂಥವನ್ನು ಒಂದರ ಮೇಲೊಂದು ಇಪ್ಪತ್ತೇಳು ಇಟ್ಟು ತಲೆಕೆಳಗು ಮಾಡಿದರೆ ಅಲ್ಲಿಗೆ ಮುಟ್ಟುತ್ತದೆ. ಅಷ್ಟು ಕೆಳಗೆ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು, ಮೇಲಿನಿಂದ ತಂಪು ಗಾಳಿ ದೂಡದೆ ಕೆಲಸ ಸಾಗುತ್ತಿರಲಿಲ್ಲ. ಒತ್ತಡಕ್ಕೆ ಬಂಡೆ ಸಿಡಿದು ಎಷ್ಟೋ ಜನ ಸತ್ತರು. ಈ ಗಣಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಕರೆಂಟು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಇದೇ ಗಣಿಯ ಆಳದಲ್ಲಿ 1965ರಲ್ಲಿ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣ ಗುರುತಿಸಿದ್ದರು, ಅದನ್ನು ಹೇಳಿದಾಗ ಮಾತ್ರ ಪಿಯುಸಿ ಓದುವ ಹುಡುಗ ಮೊಬೈಲು ಕೆಳಗಿಟ್ಟ.

ಶಾಫ್ಟಿನ ಆಸುಪಾಸಿನಲ್ಲೇ ಇನ್ನೊಂದು ಹೋಲಿಕೆ ತಾನಾಗಿ ಕಣ್ಣಿಗೆ ಬೀಳುತ್ತದೆ. ಒಂದು ಕಡೆ ಬ್ರಿಟಿಷ್ ಅಧಿಕಾರಿಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಇನ್ನೊಂದು ಕಡೆ ಕೂಲಿಗಳ ಲೈನು, ತಲೆ ಬಗ್ಗಿಸಿ ಒಳಗೆ ಹೋಗಬೇಕಾದ ಒಂದೊಂದೇ ಕೋಣೆಯ ಮನೆಗಳು. ಬಂಗಲೆಗಳ ಎದುರು ನಿಂತು ‘ಲಿಟಲ್ ಇಂಗ್ಲೆಂಡ್’ ಎಂದು ಹೊಗಳುವವರು ಲೈನಿನ ಕಡೆಗೂ ನಾಲ್ಕು ಹೆಜ್ಜೆ ಹಾಕಲಿ. ಜನ ಈಗಲೂ ಅಲ್ಲಿ ವಾಸ ಇದ್ದಾರೆ, ಕ್ಯಾಮೆರಾ ಜೇಬಿನಲ್ಲಿರಲಿ. ಟೀ ಅಂಗಡಿಯಲ್ಲಿ ಸಿಕ್ಕ ಹಳೆಯ ಕೆಲಸಗಾರರೊಬ್ಬರು ತಮಿಳು ಬೆರೆಸಿದ ಕನ್ನಡದಲ್ಲಿ ಮಾತಾಡಿದರು. ‘ತಮಾ, ಬಂಗಾರ ಎಲ್ಲಿದ್ದೋ ಕೇಳು’ ಅಂತ ಆಯಿ ನನ್ನ ಮೊಳಕೈ ತಿವಿಯುತ್ತಿದ್ದಳು. ಕೊನೆಕೊನೆಗೆ ಒಂದು ಟನ್ ಕಲ್ಲು ಅರೆದರೆ ಮೂರು ಗ್ರಾಂ ಆಸುಪಾಸು ಸಿಗುತ್ತಿತ್ತಂತೆ ಎಂದೆ. ಆಯಿ ತನ್ನ ಬಳೆ ನೋಡಿಕೊಂಡಳು.

ಕೋಟಿಲಿಂಗೇಶ್ವರ ಇರುವುದು ಕಮ್ಮಸಂದ್ರದಲ್ಲಿ, ಆಟೋ ಮಾಡಿಕೊಂಡರೆ ಸಾಕು. 108 ಅಡಿಯ ಲಿಂಗ, ಎದುರಿಗೆ 35 ಅಡಿಯ ನಂದಿ, ಸುತ್ತ ಕಣ್ಣು ಹಾಯುವಷ್ಟೂ ಸಣ್ಣ ದೊಡ್ಡ ಲಿಂಗಗಳು. ಹಣ ಕಟ್ಟಿದರೆ ನಮ್ಮ ಹೆಸರಿನಲ್ಲೂ ಒಂದನ್ನು ಇಡುತ್ತಾರೆ. 1980ರಲ್ಲಿ ಶುರುವಾದ ಜಾಗ, ಹಳೆಯ ಕ್ಷೇತ್ರ ಎಂದುಕೊಂಡು ಹೋಗಬೇಡಿ. ಶಾಲ್ಮಲೆಯ ಸಹಸ್ರಲಿಂಗ ನೋಡಿ ಬೆಳೆದ ನನಗೆ ಇದು ಹಿಡಿಸಲಿಲ್ಲ. ನಮ್ಮಲ್ಲಿ ಹೊಳೆಯ ಬಂಡೆಯಲ್ಲೇ ಕಡೆದ ಲಿಂಗದ ಮೇಲೆ ನೀರು ಹರಿಯುತ್ತದೆ, ಇಲ್ಲಿ ಸಾಲು, ಗದ್ದಲ, ಸುಡುವ ನೆಲ. ಆಯಿಗೆ ಮಾತ್ರ ಇಡೀ ದಿನದಲ್ಲಿ ಇಷ್ಟವಾದದ್ದು ಇದೊಂದೇ. ಅವಳ ಲೆಕ್ಕದಲ್ಲಿ ಶಾಫ್ಟ್ ಎಂದರೆ ತುಕ್ಕು ಹಿಡಿದ ಕಬ್ಬಿಣ. ಹಿರಿಯರು ಜೊತೆಗಿದ್ದರೆ ಇದನ್ನು ಬೆಳಿಗ್ಗೆ ಬೇಗ ಮುಗಿಸಿ, ಮಧ್ಯಾಹ್ನಕ್ಕೆ ಇಟ್ಟರೆ ಬರಿಗಾಲಿನಲ್ಲಿ ನಡೆಸಿದ ಪಾಪ ನಿಮಗೆ.

ಕೆಜಿಎಫ್ ಹತ್ತಿರದ ಪೆದ್ದಪಲ್ಲಿಯ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಭಾವನ ಹಟಕ್ಕೆ ನೋಡಿದ್ದು. ಜ್ವಾಲಾಮುಖಿಯ ಕಪ್ಪು ಕಲ್ಲಿನೊಳಗೆ ಗ್ರಾನೈಟಿನ ತುಂಡುಗಳು ಸಿಕ್ಕಿಕೊಂಡಿವೆ. ಭೂಗೋಳದ ಮೇಷ್ಟ್ರಿಗೆ ಹಬ್ಬ, ಉಳಿದವರಿಗೆ ಹತ್ತು ನಿಮಿಷ.

ಹೋಗುವುದಕ್ಕೆ ಬಸ್ಸಿಗಿಂತ ರೈಲು ಮೇಲು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 1894ರಲ್ಲೇ ಗಣಿಗಾಗಿ ಹಾಕಿದ ಹಳಿ ಅದು, ಊರ್ಗಾಂ, ಚಾಂಪಿಯನ್ ಅಂತ ನಿಲ್ದಾಣಗಳ ಹೆಸರಿನಲ್ಲೇ ಗಣಿಗಳಿವೆ. ಗಣಿ ಮುಚ್ಚಿದ ಮೇಲೆ ಊರಿನ ಸಾವಿರಾರು ಜನ ದಿನಾ ಬೆಂಗಳೂರಿಗೆ ದುಡಿಯಲು ಹೋಗಿ ಬರುತ್ತಾರೆ. ಹಾಗಾಗಿ ಬೆಳಿಗ್ಗೆ ಅವರು ಆ ಕಡೆ, ನಾವು ಈ ಕಡೆ, ಸೀಟು ಆರಾಮ. ಸಂಜೆಯೂ ಅದೇ ಲೆಕ್ಕ. ಬಂಗಾರಪೇಟೆಯಲ್ಲಿ ಇಳಿದು ಪಾನಿಪೂರಿ ತಿನ್ನದೆ ಬರಬೇಡಿ. ಪಾನಿ ಕುಡಿಯುವ ನೀರಿನಷ್ಟೇ ತಿಳಿ, ಬಾಯಿಗೆ ಹಾಕಿದಾಗಲೇ ಖಾರ ತಿಳಿಯುವುದು.

ಕೋಲಾರ ಪಟ್ಟಣದ ಸೋಮೇಶ್ವರ ದೇವಸ್ಥಾನ, ಅಂತರಗಂಗೆ ಎರಡನ್ನೂ ಇದೇ ದಿನಕ್ಕೆ ತುರುಕಲು ಡ್ರೈವರುಗಳು ಹೇಳುತ್ತಾರೆ. ಒಪ್ಪಬೇಡಿ. ಅಂತರಗಂಗೆಯ ಮೆಟ್ಟಿಲು ಹತ್ತುವಷ್ಟರಲ್ಲಿ ರಾತ್ರಿಯ ಶಿರಸಿ ಬಸ್ಸು ಮೆಜೆಸ್ಟಿಕ್ ಬಿಟ್ಟಿರುತ್ತದೆ.