ರ‍್ಯಾಕ್ ಪೆಟ್ಟಿಗೆಯಲ್ಲಿ 18 ಕಿಲೋ ಆಂಪ್ಲಿಫೈಯರ್: ಮುಂದಿನ ಸ್ಕ್ರೂ, ಟ್ರೇ, ಹಿಂದಿನ ಆಧಾರ

ಗಿಟಾರಿನ ವಾಲ್ವ್ ಪವರ್ ಆಂಪ್ಲಿಫೈಯರನ್ನು ಹೊತ್ತೊಯ್ಯುವ ರ‍್ಯಾಕ್ ಪೆಟ್ಟಿಗೆಯಲ್ಲಿ ಕೂರಿಸಲು ನಾನು ಮೂರು ವಿಧಾನಗಳನ್ನು ಬಳಸಿ ನೋಡಿದ್ದೇನೆ: ಮುಂಭಾಗದ ನಾಲ್ಕು ಸ್ಕ್ರೂಗಳನ್ನೇ ನಂಬುವುದು, ಅಡಿಗೆ ಟ್ರೇ ಹಾಕುವುದು, ಹಿಂಬದಿಗೂ ರೈಲು (ಸ್ಕ್ರೂ ಕೂರಿಸುವ ರಂಧ್ರಗಳಿರುವ ಲೋಹದ ಪಟ್ಟಿ) ಜೋಡಿಸಿ ಎರಡೂ ಪಕ್ಕದಲ್ಲಿ ಕಬ್ಬಿಣದ ಆಂಗಲ್ ಕೊಡುವುದು. ಮೂರನೆಯದನ್ನು ಬಿಟ್ಟು ಬೇರೆಯದಕ್ಕೆ ನಾನು ಇನ್ನು ಮರಳುವುದಿಲ್ಲ.

ಆಗುಂಬೆಯಲ್ಲಿ ಗಣೇಶೋತ್ಸವದ ಕಾರ್ಯಕ್ರಮ ಮುಗಿಸಿ ಬಾಡಿಗೆಯ ಪಿಕಪ್ಪಿನಲ್ಲಿ ಶಿವಮೊಗ್ಗಕ್ಕೆ ಮರಳುವಾಗ, ಮಂಡಗದ್ದೆಯ ಹೊತ್ತಿಗೆ ಪೆಟ್ಟಿಗೆಯೊಳಗಿಂದ ಲೊಟಲೊಟ ಸದ್ದು ಕೇಳತೊಡಗಿತು. ಮನೆಯಲ್ಲಿ ಮುಚ್ಚಳ ತೆಗೆದಾಗ ಮೇಲಿನ ಎರಡು ಸ್ಕ್ರೂಗಳು ಕಿತ್ತು ಬಂದಿದ್ದವು, ಆಂಪ್ಲಿಫೈಯರಿನ ಹಿಂಭಾಗ ಪೆಟ್ಟಿಗೆಯ ತಳಕ್ಕೆ ಕುಸಿದಿತ್ತು, ಬಲಗಡೆಯ ಕಿವಿ, ಅಂದರೆ ಮುಖಫಲಕದಲ್ಲಿ ಸ್ಕ್ರೂ ಹಾಕುವ ಅಂಚು, ಸೊಟ್ಟಗಾಗಿತ್ತು. ಟ್ರಾನ್ಸ್‌ಫಾರ್ಮರುಗಳ ಭಾರವೆಲ್ಲ ಮುಖಫಲಕದಿಂದ ಅರ್ಧ ಅಡಿಗೂ ಹಿಂದಿರುವ ಉಪಕರಣವನ್ನು ಮುಂಭಾಗದಲ್ಲಷ್ಟೇ ಬಿಗಿದರೆ, ಪ್ರತಿ ಹೊಂಡದಲ್ಲೂ ಅದು ಸನ್ನೆಗೋಲಿನಂತೆ ಮೇಲಿನ ಸ್ಕ್ರೂಗಳನ್ನು ಹೊರಕ್ಕೆ ಎಳೆಯುತ್ತದೆ.

ಆದರೆ ಆ ರಾತ್ರಿಯ ತಪ್ಪಿನಲ್ಲಿ ಅರ್ಧಪಾಲು ಸ್ಕ್ರೂಗಳದ್ದೇ ಆಗಿತ್ತು. ನನ್ನ ಪೆಟ್ಟಿಗೆಯ ರೈಲಿನಲ್ಲಿ ಥ್ರೆಡ್ ಕೊರೆದೇ ಬಂದಿತ್ತು, ಅದರ ಅಳತೆ 10-32. ಅಂದರೆ ಸ್ಕ್ರೂವಿನ ಹೊರವ್ಯಾಸ ಸುಮಾರು 4.83 ಮಿಲಿಮೀಟರ್, ಇಂಚಿಗೆ 32 ಸುತ್ತು. ಒಂದೆರಡು ಸ್ಕ್ರೂ ಕಳೆದುಹೋದಾಗ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಅಲ್ಲಿ ಸಿಕ್ಕಿದ್ದು ಎಂ5, ಅಂದರೆ 5 ಮಿಲಿಮೀಟರ್ ವ್ಯಾಸದ ಸ್ಕ್ರೂ. "ಎರಡೂ ಒಂದೇ ಮಾರಾಯ್ರೆ, ಹಿಡೀತದೆ" ಎಂದರು. ಹಿಡಿಯಿತು ಕೂಡ. ಎಂ5ರ ಸುತ್ತುಗಳ ಅಂತರ 0.8 ಮಿಲಿಮೀಟರ್, 10-32ರದ್ದು 0.794, ಅಂತರದಲ್ಲಿ ಎರಡೂ ಇಷ್ಟು ಹತ್ತಿರವಿರುವುದರಿಂದ ಮೊದಲ ಎರಡು ಸುತ್ತು ಬೆರಳಿನಲ್ಲೇ ತಿರುಗಿ, ಆಮೇಲೆ ಬಿಗಿಯಾಗುತ್ತದೆ. ಆ ಬಿಗಿಯನ್ನು ನಾನು ಭದ್ರತೆ ಎಂದುಕೊಂಡು ಸ್ಕ್ರೂಡ್ರೈವರಿಗೆ ಬಲ ಹಾಕಿದೆ. ದಪ್ಪನಾದ ಸ್ಕ್ರೂ ರೈಲಿನ ಥ್ರೆಡ್ಡನ್ನು ಅರೆದುಹಾಕಿತ್ತೆಂಬುದು ತಿಳಿದದ್ದು, ಕಿತ್ತು ಬಂದ ಸ್ಕ್ರೂವಿಗೆ ಸುತ್ತಿಕೊಂಡಿದ್ದ ಕೂದಲಿನಷ್ಟು ತೆಳುವಾದ ಲೋಹದ ಎಳೆಯನ್ನು ನೋಡಿದಾಗ.

ಥ್ರೆಡ್ ಹೋದ ರೈಲಿಗೆ ರಿಪೇರಿ ಎಂಬುದು ಇಲ್ಲವೆನ್ನುವಷ್ಟು ಕಷ್ಟ. ಆದ್ದರಿಂದ ಈಗ ಚೌಕ ರಂಧ್ರದ ರೈಲು ಹಾಕಿಸಿ, ಆ ರಂಧ್ರಕ್ಕೆ ಸಿಕ್ಕಿಸಿ ಕೂರಿಸುವ, ತಗಡಿನ ಗೂಡಿನೊಳಗಿನ ಎಂ6 ಕೇಜ್ ನಟ್ ಬಳಸುತ್ತಿದ್ದೇನೆ. ನಟ್ ಕೆಟ್ಟರೆ ಅದೊಂದನ್ನೇ ತೆಗೆದೆಸೆಯಬಹುದು, ಎಂ6 ಸ್ಕ್ರೂ ಎಲ್ಲಿ ಬೇಕಾದರೂ ಸಿಗುತ್ತದೆ. ಕೇಜ್ ನಟ್ ಕೂರಿಸುವಾಗ ಉಗುರು ಕೀಳುವುದಂತೂ ನಿಶ್ಚಿತ.

ಟ್ರೇಯನ್ನು ಒಂದು ತಿಂಗಳು ಬಳಸಿದೆ. ಅದು ಒಂದು ಯೂನಿಟ್, ಅಂದರೆ ಒಂದೂಮುಕ್ಕಾಲು ಇಂಚು ಎತ್ತರವನ್ನು ನುಂಗುತ್ತದೆ, ಆಂಪ್ಲಿಫೈಯರಿನ ಅಡಿಯ ಗಾಳಿಕಂಡಿಗಳನ್ನು ಮುಚ್ಚುತ್ತದೆ; ಮುಂಭಾಗಕ್ಕೆ ಮಾತ್ರ ಬಿಗಿಯುವ ಟ್ರೇ ತಾನೂ ಹಿಂದಕ್ಕೆ ಜೋಲುವುದರಿಂದ ಹಳೆಯ ರೋಗ ಹೊಸ ತಗಡಿಗೆ ಅಂಟಿತು ಅಷ್ಟೆ. ಅಡಿಯಲ್ಲಿ ಫೋಮ್ ತುರುಕುವ ಉಪಾಯ ನಮ್ಮ ಮಳೆಗಾಲಕ್ಕೆ ಆಗುವುದಿಲ್ಲ, ಅದು ತೇವ ಹೀರಿಕೊಂಡು ಕೂರುತ್ತದೆ.

ಹಿಂಬದಿಯ ರೈಲನ್ನು ಪ್ಲೈವುಡ್ಡಿಗೆ ಮರದ ಸ್ಕ್ರೂವಿನಿಂದಲ್ಲ, ಆರಪಾರ ಬೋಲ್ಟ್ ಮತ್ತು ಅಗಲ ವಾಷರಿನಿಂದ ಕೂರಿಸಬೇಕು. ಮುಂದಿನ, ಹಿಂದಿನ ರೈಲುಗಳ ನಡುವೆ ಸೇತುವೆಯಂತೆ ನಿಲ್ಲುವ ಎರಡು ಆಂಗಲ್‌ಗಳನ್ನು ವೆಲ್ಡಿಂಗ್ ಅಂಗಡಿಯಲ್ಲಿ 3 ಮಿಲಿಮೀಟರ್ ಕಬ್ಬಿಣದಿಂದ ಮಾಡಿಸಿ, ತುಕ್ಕು ಹಿಡಿಯದಂತೆ ಬಣ್ಣ ಬಳಿಸಿದೆ. ಎಲ್ಲ ಸೇರಿ ಏಳುನೂರು ರೂಪಾಯಿ. ಅಳತೆ ಎರಡು ಮಿಲಿಮೀಟರಿನಷ್ಟು ತಗ್ಗಾಗಿತ್ತು, ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದ ಮೇಲೆ ಸರಿಹೋಯಿತು, ಅದುರುವುದೂ ಕಡಿಮೆಯಾಯಿತು. ಆಂಪ್ಲಿಫೈಯರಿನ ಪೂರ್ತಿ ಭಾರ ಆಂಗಲ್ ಮೇಲೆ ಕೂತ ನಂತರವೇ ಮುಂದಿನ ಸ್ಕ್ರೂಗಳನ್ನು ಬಿಗಿಯಬೇಕು. ಮೊದಲೇ ಬಿಗಿದರೆ ಕಿವಿಗಳು ಮತ್ತೆ ಭಾರ ಹೊರುತ್ತವೆ.

ಒಳಚೌಕಟ್ಟು ರಬ್ಬರಿನ ಮೇಲೆ ನಿಲ್ಲುವ ಶಾಕ್‌ಮೌಂಟ್ ಪೆಟ್ಟಿಗೆಯನ್ನು ಗೆಳೆಯರಿಂದ ಎರವಲು ತಂದು ಎರಡು ಕಾರ್ಯಕ್ರಮಕ್ಕೆ ಒಯ್ದಿದ್ದೆ. ಅದು ಎಲ್ಲಕ್ಕಿಂತ ಚೆನ್ನ, ಸಂಶಯವಿಲ್ಲ. ಆದರೆ ಎತ್ತಲು ಇಬ್ಬರು ಬೇಕು, ನಾನು ಮೆಟ್ಟಿಲು ಹತ್ತಿಸುವುದು ಒಬ್ಬನೇ, ಅದರ ಬೆಲೆಗೆ ಇನ್ನೊಂದು ಗಿಟಾರ್ ಬರುತ್ತದೆ. ಉಪಕರಣ ಮನೆ ಬಿಟ್ಟು ಕದಲದವರಿಗೆ ಮುಂದಿನ ನಾಲ್ಕು ಸ್ಕ್ರೂ ಸಾಕಾಗಬಹುದು. ನನ್ನದು ತಿಂಗಳಿಗೆರಡು ಸಲ ಸಾಗರದ ಕಡೆಗೋ ತೀರ್ಥಹಳ್ಳಿಯ ಕಡೆಗೋ ಹೋಗುತ್ತದೆ, ಹಾಗಾಗಿ ಹೆಚ್ಚುವರಿ ಕೇಜ್ ನಟ್‌ಗಳು ಈಗ ಪಿಕ್ ಡಬ್ಬಿಯಲ್ಲೇ ಇರುತ್ತವೆ.